ಕಿರುಗನ್ನಡಿಯಲ್ಲಿ ಕರಿ: ಒಂದು ಅಂಗೈಯಾಟದ ವಿಮರ್ಶೆ

೧

ದೊಡ್ಡದೊಂದು ಕೃತಿಯನ್ನು ಚಿಕ್ಕ ಪಾತ್ರೆಗೆ ಇಳಿಸುವ ಕೆಲಸವು ನಮ್ಮಲ್ಲಿ ಹೊಸದಲ್ಲ. ಭಟ್ಟೋಜಿದೀಕ್ಷಿತನ ಸಿದ್ಧಾಂತಕೌಮುದಿಯನ್ನು ಅವನ ಶಿಷ್ಯನಾದ ವರದರಾಜನು ಬಾಲಕರಿಗಾಗಿ ಲಘುಕೌಮುದಿಯೆಂದು ಸಂಗ್ರಹಿಸಿದನು. ಕುಮಾರವ್ಯಾಸನ ಭಾರತವನ್ನು ಗಮಕಿಗಳು ಒಂದು ಸಂಜೆಯ ವಾಚನಕ್ಕೆ ಅಳವಡಿಸಿಕೊಳ್ಳುತ್ತ ಬಂದಿದ್ದಾರೆ. ಹೀಗೆ ಇಳಿಸುವಾಗ ಏನನ್ನು ಉಳಿಸಬೇಕು, ಏನನ್ನು ಬಿಡಬಹುದು, ಬಿಡುವುದನ್ನು ಹೇಗೆ ಬಿಡಬೇಕು ಎಂಬುದು ವಿಮರ್ಶೆಗೆ ಸೇರಿದ ಹಳೆಯ ಪ್ರಶ್ನೆ. ಆ ಪ್ರಶ್ನೆಯನ್ನು ಒಂದು ಹೊಸ ವಸ್ತುವಿನ ಮೇಲೆ ಒರೆಹಚ್ಚಿ ನೋಡುವುದು ಈ ಲೇಖನದ ಉದ್ದೇಶ. ಆ ವಸ್ತುವು ಗ್ರಂಥವಲ್ಲ, ಆಟ. ಜಪಾನಿನ ನಿಂಟೆಂಡೊ ಸಂಸ್ಥೆಯವರು ೧೯೮೬ರಲ್ಲಿ ಹೊರಡಿಸಿದ, ಕಠಿಣವೆಂದು ಲೋಕಪ್ರಸಿದ್ಧವಾದ ‘ಸೂಪರ್ ಮಾರಿಯೋ ಬ್ರದರ್ಸ್ ೨’ ಎಂಬುದೂ, ಅಂಗೈಯಲ್ಲಿ ಹಿಡಿಯುವ ಯಂತ್ರಕ್ಕೆ ಅದನ್ನು ೧೯೯೯ರಲ್ಲಿ ಇಳಿಸಿದ ರೂಪವೂ ಇಲ್ಲಿ ವಿಚಾರಕ್ಕೆ ಬರುವುವು.

ಸಾಹಿತ್ಯಪತ್ರಿಕೆಯಲ್ಲಿ ಮಕ್ಕಳಾಟದ ವಿಚಾರವೇಕೆಂದು ವಾಚಕಮಹಾಶಯರಲ್ಲಿ ಕೆಲವರು ಹುಬ್ಬುಗಂಟಿಕ್ಕಬಹುದು. ನಾಟ್ಯಶಾಸ್ತ್ರದ ಮೊದಲನೆಯ ಅಧ್ಯಾಯದಲ್ಲಿ ದೇವತೆಗಳು ಬ್ರಹ್ಮನನ್ನು ಬೇಡಿದುದು ಕಣ್ಣಿಗೂ ಕಿವಿಗೂ ಉಣಿಸಾಗುವ ಒಂದು ಆಟದ ವಸ್ತುವನ್ನೇ ಎಂಬುದನ್ನು ಅವರು ನೆನೆಯಬೇಕು. ನಾಟಕವು ಹುಟ್ಟಿದ್ದು ಆ ಬೇಡಿಕೆಯಿಂದ. ಪ್ರಕೃತವಾದ ಆಟಕ್ಕೂ ಕರ್ತೃಗಳುಂಟು, ಕ್ರಮವುಂಟು, ಗತಿಯುಂಟು, ಗುಣದೋಷಗಳುಂಟು. ಮಕ್ಕಳು ಇಂಥ ಆಟಗಳನ್ನು ಆಡಬಹುದೇ, ಎಷ್ಟು ಹೊತ್ತು ಆಡಬಹುದು ಎಂಬ ಚರ್ಚೆಯು ಬೇರೆ. ಅದನ್ನು ಇಲ್ಲಿ ಎತ್ತಿಕೊಂಡಿಲ್ಲ. ಆಡುವುದಂತೂ ನಮ್ಮ ಮನೆಮನೆಗಳಲ್ಲಿ ನಡೆದೇ ಇದೆ. ಹಾಗಿರುವಲ್ಲಿ ಅವರ ಕೈಯಲ್ಲಿರುವುದು ಒಳ್ಳೆಯ ಕೃತಿಯೋ, ಒಳ್ಳೆಯ ಕೃತಿಯ ಕೆಟ್ಟ ಪ್ರತಿಯೋ ಎಂದು ಕೇಳುವುದು ಹಿರಿಯರ ಕರ್ತವ್ಯವೇ ಸರಿ.

೨

ಮೊದಲು ಮೂಲದ ಪರಿಚಯ. ೧೯೮೫ರ ಸೆಪ್ಟೆಂಬರಿನಲ್ಲಿ ಶಿಗೆರು ಮಿಯಾಮೊಟೊ ಮತ್ತು ತಕಾಶಿ ತೆಜುಕಾ ಎಂಬವರ ಕಲ್ಪನೆಯಿಂದಲೂ ಕೋಜಿ ಕೊಂಡೊ ಎಂಬವನ ಸಂಗೀತದಿಂದಲೂ ಕೂಡಿ ‘ಸೂಪರ್ ಮಾರಿಯೋ ಬ್ರದರ್ಸ್’ ಎಂಬ ಆಟವು ಜಪಾನಿನಲ್ಲಿ ಹೊರಬಂದಿತು. ಟೆಲಿವಿಷನ್ನಿಗೆ ಜೋಡಿಸುವ ಫ್ಯಾಮಿಕಾಮ್ ಎಂಬ ಯಂತ್ರದಲ್ಲಿ ಅದನ್ನು ಆಡತಕ್ಕದ್ದು. ಮೀಸೆಯ ಕೊಳಾಯಿ ಕೆಲಸಗಾರನೊಬ್ಬನು ಸೆರೆಸಿಕ್ಕ ರಾಜಕುಮಾರಿಯನ್ನು ಬಿಡಿಸಲು ಎಡದಿಂದ ಬಲಕ್ಕೆ ಓಡುತ್ತಾನೆ, ಕಂದರಗಳನ್ನು ಹಾರುತ್ತಾನೆ, ಶತ್ರುಗಳನ್ನು ಮೆಟ್ಟುತ್ತಾನೆ. ಲೋಕವೊಂದಕ್ಕೆ ನಾಲ್ಕು ಹಂತಗಳಂತೆ ಎಂಟು ಲೋಕಗಳಿಗೆ ೩೨ ಹಂತಗಳು. ಕಥೆ ಇಷ್ಟೇ. ಆದರೆ ಓಟ, ನೆಗೆತ, ನೆಲದ ಏರಿಳಿತ, ಶತ್ರುವಿನ ನಡಗೆ ಇವುಗಳ ಹೊಂದಿಕೆ ಎಷ್ಟು ನಯವಾಗಿದೆಯೆಂದರೆ, ಆಟಗಾರನು ಯಾವ ಉಪದೇಶವೂ ಇಲ್ಲದೆ ಮೊದಲನೆಯ ಹಂತದಲ್ಲಿಯೇ ಆಟದ ವ್ಯಾಕರಣವನ್ನು ಕಲಿತುಬಿಡುತ್ತಾನೆ. ಇದು ದ್ರಾಕ್ಷಾಪಾಕದ ಕೃತಿ, ಬಾಯಲ್ಲಿಟ್ಟೊಡನೆ ರಸ.

ಮರುವರ್ಷ, ಎಂದರೆ ೧೯೮೬ರ ಜೂನಿನಲ್ಲಿ, ಅದೇ ಬಳಗದವರು ಎರಡನೆಯ ಭಾಗವನ್ನು ಹೊರಡಿಸಿದರು. ಅದೇ ನಾಯಕ, ಅದೇ ಭಾಷೆ; ಪಾಕ ಮಾತ್ರ ಬೇರೆ. ಪಂಡಿತ ಆಟಗಾರರಿಗೆ ಮಾತ್ರ ಎಂಬರ್ಥದ ಮಾತು ಅದರ ಹೊದಿಕೆಯ ಮೇಲೆಯೇ ಇತ್ತು. ಭಾರವಿಯ ವಾಣಿಯನ್ನು ಮಲ್ಲಿನಾಥನು ತೆಂಗಿನಕಾಯಿಗೆ ಹೋಲಿಸಿದನಷ್ಟೆ. ಇದು ಆ ಜಾತಿಯದು. ಮೊದಲ ಭಾಗದಲ್ಲಿ ಬಲವನ್ನು ಕೊಡುತ್ತಿದ್ದ ಅಣಬೆಯ ಜೊತೆಗೆ ಇಲ್ಲಿ ವಿಷದ ಅಣಬೆಯೂ ಉಂಟು, ಅದೂ ಮೊದಲನೆಯ ಹಂತದಲ್ಲಿಯೇ. ಮುಂದಿನ ಲೋಕಕ್ಕೆ ದಾಟಿಸುತ್ತಿದ್ದ ಗುಪ್ತಮಾರ್ಗವು ಇಲ್ಲಿ ಕೆಲವೆಡೆ ಹಿಂದಿನ ಲೋಕಕ್ಕೆ ದಬ್ಬುತ್ತದೆ. ಮೂರನೆಯ ಲೋಕದ ಮಾರ್ಗವೊಂದು ಆಟಗಾರನನ್ನು ಪುನಃ ಒಂದನೆಯ ಲೋಕಕ್ಕೆ ತಂದು ನಿಲ್ಲಿಸುವುದು. ಕಂದರದ ಮೇಲೆ ಹಾರುವಾಗ ತಲೆಗೆ ತಗಲುವ ಅದೃಶ್ಯವಾದ ಇಟ್ಟಿಗೆಗಳು, ಹಾರಿದವನನ್ನು ತಳ್ಳುವ ಬಿರುಗಾಳಿ, ಪರದೆಯ ಮೇಲಂಚನ್ನು ದಾಟಿ ಕಣ್ಮರೆಯಾಗುವಷ್ಟು ಎತ್ತರಕ್ಕೆ ಎಸೆಯುವ ಸುರುಳಿಗಳು ಇವೆಲ್ಲ ಇಲ್ಲಿನ ಹೊಸ ಅಲಂಕಾರಗಳು. ನಾಯಕನ ತಮ್ಮನಾದ ಲುಯಿಜಿಗೆ ಬೇರೆಯ ಗತಿಯನ್ನೇ ಕೊಟ್ಟಿದ್ದಾರೆ: ಅವನು ಅಣ್ಣನಿಗಿಂತ ಎತ್ತರಕ್ಕೆ ಹಾರುವನು, ಆದರೆ ನಿಲ್ಲಬೇಕಾದಲ್ಲಿ ನಿಲ್ಲದೆ ಜಾರುವನು. ಗುಪ್ತಮಾರ್ಗಗಳ ನೆರವಿಲ್ಲದೆ ಎಂಟು ಲೋಕಗಳನ್ನು ಮುಗಿಸಿದವನಿಗೆ ಒಂಬತ್ತನೆಯ ಲೋಕವು ತೆರೆಯುವುದು. ಇಡೀ ಆಟವನ್ನು ಎಂಟು ಸಲ ಮುಗಿಸಿದವನಿಗೆ ಮತ್ತೂ ನಾಲ್ಕು ಲೋಕಗಳು.

ಅಮೆರಿಕದ ಶಾಖೆಯವರು ಇದನ್ನು ನೋಡಿ ತಮ್ಮ ಜನಕ್ಕೆ ಇದು ಅತಿಕಠಿಣವೆಂದು ಕೈಬಿಟ್ಟರು. ಅಲ್ಲಿಗೆ ೧೯೮೮ರಲ್ಲಿ ‘ಎರಡನೆಯ ಭಾಗ’ವೆಂಬ ಹೆಸರಿನಿಂದ ಹೋದುದು ಬೇರೊಂದು ಜಪಾನೀ ಆಟದ ವೇಷಾಂತರ. ನಿಜವಾದ ಎರಡನೆಯ ಭಾಗವು ೧೯೯೩ರಲ್ಲಿ, ಹೆಚ್ಚು ಬಲವುಳ್ಳ ಯಂತ್ರವೊಂದಕ್ಕಾಗಿ ಹೊಸ ಬಣ್ಣಗಳಲ್ಲಿ ಸಿದ್ಧವಾದ ಸಂಪುಟದ ಒಳಗೆ, ‘ಲಾಸ್ಟ್ ಲೆವೆಲ್ಸ್’, ಎಂದರೆ ಕಳೆದುಹೋದ ಹಂತಗಳು, ಎಂಬ ಹೆಸರನ್ನು ಹೊತ್ತು ಪಶ್ಚಿಮಕ್ಕೆ ಹೋಯಿತು.

ನಮ್ಮ ಕಡೆಯ ಸಂಗತಿಯೂ ಒಂದು ಮಾತಿಗೆ ತಕ್ಕುದು. ೧೯೯೦ರ ದಶಕದಲ್ಲಿ ಆ ಜಪಾನೀ ಯಂತ್ರದ ಅನುಕರಣಗಳು ಭಾರತದ ಪೇಟೆಗಳಿಗೆ ಧಾರಾಳವಾಗಿ ಬಂದುವು. ಶಿವಮೊಗ್ಗದ ಮನೆಗಳಲ್ಲಿಯೂ ಭದ್ರಾವತಿಯ ಕಾರ್ಖಾನೆಗಳ ವಸತಿಗೃಹಗಳಲ್ಲಿಯೂ ರಜೆಯ ದಿನಗಳಲ್ಲಿ ಟೆಲಿವಿಷನ್ನಿನ ಮುಂದೆ ಚಾಪೆ ಹಾಸಿ, ಕ್ಯಾಸೆಟ್ಟನ್ನು ಸಿಕ್ಕಿಸಿ ಹುಡುಗರು ಆಡುತ್ತಿದ್ದ ‘ವಿಡಿಯೋ ಗೇಮ್’ ಎಂಬುದು ಇದೇ. ಇಂದು ನಲವತ್ತರ ಆಸುಪಾಸಿನಲ್ಲಿರುವ ತಂದೆತಾಯಿಗಳಿಗೆ ಮಾರಿಯೋವಿನ ಮೊದಲ ಭಾಗವು ಚಂದಮಾಮದಷ್ಟೇ ಪರಿಚಿತ. ಎರಡನೆಯ ಭಾಗವನ್ನು ಕಂಡವರನ್ನು ನಾನು ಆ ಕಾಲದಲ್ಲಿ ನೋಡಲಿಲ್ಲ. ಈಚೆಗೆ ಹೊರದೇಶದಿಂದ ಬಂದ ಬಂಧುಗಳ ಮೂಲಕ ಎರಡು ಅಂಗೈಯಂತ್ರಗಳು ಭದ್ರಾವತಿಯ ಒಂದು ಮನೆಗೆ ಬಂದುವು. ಹುಡುಗರು ಆಡುವಾಗ ಹಲವು ಸಂಜೆ ಪಕ್ಕದಲ್ಲಿ ಕುಳಿತು ನೋಡಿಯೂ, ಯಥಾಶಕ್ತಿ ನಾನೇ ಆಡಿಯೂ ಮುಂದಿನ ಮಾತುಗಳನ್ನು ಬರೆಯುತ್ತಿದ್ದೇನೆ.

೩

ಎರಡರಲ್ಲಿ ಹಳೆಯದು ‘ಗೇಮ್ ಬಾಯ್ ಕಲರ್’ ಎಂಬ ಯಂತ್ರ. ಅದರಲ್ಲಿ ಆಡತಕ್ಕ ‘ಸೂಪರ್ ಮಾರಿಯೋ ಬ್ರದರ್ಸ್ ಡಿಲಕ್ಸ್’ ಎಂಬುದು ೧೯೯೯ರಲ್ಲಿ ಹೊರಬಂದಿತು. ಮೊದಲ ಭಾಗವೇ ಅದರ ಮುಖ್ಯಾಂಗ. ಎರಡನೆಯ ಭಾಗವು ಅದರೊಳಗೆ ಅಡಗಿದೆ.

ಟೆಲಿವಿಷನ್ನಿನ ಮೇಲೆ ಮೂಲದ ಚಿತ್ರವು ಅಡ್ಡಲಾಗಿ ೨೫೬, ಉದ್ದಕ್ಕೆ ೨೪೦ ಬಿಂದುಗಳಿಂದ ಆಗಿರುವುದು. ಅಂಗೈಯಂತ್ರದ ಕಿಟಕಿಯಲ್ಲಿ ಹಿಡಿಯುವುದು ೧೬೦ ಮತ್ತು ೧೪೪ ಬಿಂದುಗಳು. ಲೆಕ್ಕ ಹಾಕಿದರೆ ಎಂಟರಲ್ಲಿ ಮೂರು ಪಾಲು ಮಾತ್ರ ಉಳಿಯಿತು. ಆಟದ ನೆಲವು ಹದಿನಾರು ಬಿಂದುಗಳ ಚೌಕಗಳಿಂದ ಕಟ್ಟಲ್ಪಟ್ಟಿದೆ. ಮೂಲದಲ್ಲಿ ಆಟಗಾರನ ಕಣ್ಣಿಗೆ ಒಮ್ಮೆಗೆ ಅಡ್ಡಲಾಗಿ ಹದಿನಾರು ಚೌಕಗಳೂ ಮೇಲಿನಿಂದ ಕೆಳಕ್ಕೆ ಹದಿನೈದೂ ಕಾಣುತ್ತಿದ್ದುವು. ಇಲ್ಲಿ ಕಾಣುವುದು ಹತ್ತು ಮತ್ತು ಒಂಬತ್ತು. ಇಳಿಸಿದವರು ನಾಯಕನನ್ನು ಕುಗ್ಗಿಸಲಿಲ್ಲ. ಅವನು ಇದ್ದಷ್ಟೇ ಬಿಂದುಗಳಲ್ಲಿ ಇದ್ದಾನೆ. ಅವನ ಸುತ್ತಲಿನ ಲೋಕವನ್ನು ಕತ್ತರಿಸಿದರು.

ಇದರ ಪರಿಣಾಮವನ್ನು ಪರ್ಯಾಲೋಚಿಸಬೇಕು. ಪೂರ್ಣವೇಗದಲ್ಲಿ ಓಡುವ ಮಾರಿಯೋ ಸೆಕೆಂಡಿಗೆ ಒಂಬತ್ತು ಚೌಕಗಳಿಗಿಂತ ಹೆಚ್ಚು ದೂರವನ್ನು ಕ್ರಮಿಸುವನು. ಆ ವೇಗದಲ್ಲಿ ಮೂಲದ ಪರದೆಯ ಅಗಲವನ್ನು ದಾಟಲು ಒಂದೂಮುಕ್ಕಾಲು ಸೆಕೆಂಡು ಬೇಕು. ಈ ಕಿಟಕಿಯ ಅಗಲಕ್ಕೆ ಒಂದು ಸೆಕೆಂಡೇ ಸಾಕು. ಹಾರುವವನು ಎಲ್ಲಿ ಇಳಿಯಬೇಕೆಂಬುದನ್ನು ನೋಡಿ, ಎಣಿಸಿ, ಕೈಯಾಡಿಸುವುದಕ್ಕೆ ಇದ್ದ ಅವಕಾಶವು ಅಷ್ಟರಮಟ್ಟಿಗೆ ಕಡಮೆಯಾಯಿತು. ಮೇಲೆ ಕೆಳಗೆ ಇಣುಕಿ ನೋಡಲು ಒಂದು ಗುಂಡಿಯ ಉಪಾಯವನ್ನು ಅವರು ಕಲ್ಪಿಸಿದ್ದಾರೆ, ನಿಜ. ನಿಂತವನಿಗೆ ಅದು ಉಪಯೋಗಕ್ಕೆ ಬರುವುದು. ಗಾಳಿಯಲ್ಲಿರುವವನಿಗೆ ಇಣುಕುವ ಹೊತ್ತೆಲ್ಲಿ?

ಇಲ್ಲಿ ಒಂದು ವಿವೇಚನೆ ಅವಶ್ಯ. ಕಾಠಿಣ್ಯವು ಎರಡು ವಿಧ. ಕರ್ತೃವು ಬುದ್ಧಿಪೂರ್ವಕವಾಗಿ ಇಟ್ಟುದು ಒಂದು. ಪಾತ್ರೆಯ ಇಕ್ಕಟ್ಟಿನಿಂದ ಒದಗಿದುದು ಇನ್ನೊಂದು. ಭಾರವಿಯ ಶ್ಲೋಕದಲ್ಲಿ ಅನ್ವಯವು ದೂರದಲ್ಲಿದ್ದರೆ ಓದುವವನು ಶ್ರಮಪಟ್ಟು ಅದನ್ನು ಹಿಡಿಯುವನು, ಹಿಡಿದಾಗ ಆನಂದಪಡುವನು. ಶ್ರಮಕ್ಕೆ ತಕ್ಕ ಫಲವನ್ನು ಕವಿಯು ಒಳಗಿಟ್ಟಿರುವನು. ಓಲೆಯಲ್ಲಿ ಅಕ್ಷರವು ಹುಳು ತಿಂದು ಹೋಗಿದ್ದರೂ ಓದುವವನಿಗೆ ಶ್ರಮವೇ. ಆ ಶ್ರಮದಲ್ಲಿ ಕವಿಯ ಕೈಯಿಲ್ಲ, ಕೊನೆಯಲ್ಲಿ ಫಲವಿಲ್ಲ. ಎರಡನೆಯ ಭಾಗದ ಅದೃಶ್ಯವಾದ ಇಟ್ಟಿಗೆಯು ಮೊದಲ ಜಾತಿಯದು. ಒಮ್ಮೆ ತಲೆ ತಗಲಿ ಬಿದ್ದವನು ಎರಡನೆಯ ಸಲ ಅದನ್ನು ನೆನಪಿಟ್ಟು ಹಾರುವನು. ತನ್ನನ್ನು ಬೀಳಿಸಿದುದು ಒಬ್ಬ ಚತುರನ ಬುದ್ಧಿಯೆಂದು ತಿಳಿದು ನಗುವನು. ಕಿಟಕಿಯ ಅಂಚಿನಾಚೆ ಇದ್ದುದರಿಂದಲೇ ಕಾಣದೆಹೋದ ಕಂದರವು ಎರಡನೆಯ ಜಾತಿಯದು. ಅದರಲ್ಲಿ ಬಿದ್ದವನಿಗೆ ನಗು ಬರುವುದಿಲ್ಲ. ಮೂಲದಲ್ಲಿ ಸುರುಳಿಯು ನಾಯಕನನ್ನು ಕಣ್ಮರೆಮಾಡುವಾಗ ಕರ್ತೃವು ಒಂದೇ ಕಡೆ, ಬೇಕೆಂದೇ, ಕಣ್ಣುಕಟ್ಟುತ್ತಾನೆ. ಕಿರುಗಿಟಕಿಯಲ್ಲಿ ಕಣ್ಣುಕಟ್ಟು ಎಲ್ಲ ಕಡೆಯೂ ಇರುವುದರಿಂದ ಆ ಒಂದು ಕಡೆಯ ಬೆಡಗು ಮಾಸಿಹೋಯಿತು.

೪

ಪಾತ್ರೆಯ ಕಾಠಿಣ್ಯ ಹೀಗೆ ಹೆಚ್ಚಿತು. ಕರ್ತೃವಿನ ಕಾಠಿಣ್ಯವನ್ನೋ ಬೇರೊಂದು ಕಡೆ ತೆಗೆದುಹಾಕಿದರು. ಬಿರುಗಾಳಿಯಿಲ್ಲ. ಲುಯಿಜಿಯ ಬೇರೆಯಾದ ಗತಿಯಿಲ್ಲ. ಅಣ್ಣತಮ್ಮಂದಿರಿಗೆ ಅಂಗಿಯ ಬಣ್ಣದ ಹೊರತು ನಡಗೆಯಲ್ಲಿ ಭೇದವಿಲ್ಲ. ಒಂಬತ್ತನೆಯ ಲೋಕವಿಲ್ಲ, ಅದರ ಮುಂದಿನ ನಾಲ್ಕೂ ಇಲ್ಲ. ಇದಕ್ಕೆ ಯಂತ್ರದ ಬಡತನವು ಕಾರಣವೋ, ಆಟಗಾರರ ಮೇಲಣ ಕನಿಕರವೋ, ವಿಮರ್ಶಕನಿಗೆ ಅದು ಗೌಣ; ಕೈಗೆ ಬಂದ ಕೃತಿಯು ಹೇಗಿದೆಯೆಂಬುದೇ ಮುಖ್ಯ. ಗಾಳಿಯನ್ನು ತೆಗೆದರೆ ಒಂದು ಹಿಂಸೆ ಹೋಯಿತೆಂದು ಹುಡುಗರು ಸಂತೋಷಪಡಬಹುದು. ಆದರೆ ಆ ಹಂತಗಳ ಕಂದರಗಳನ್ನು ಗಾಳಿಯನ್ನು ಲೆಕ್ಕಕ್ಕೆ ಹಿಡಿದೇ ಅಳೆದಿಟ್ಟಿದ್ದರು. ಷಟ್ಪದಿಯಲ್ಲಿ ಒಂದು ಗಣವನ್ನು ಕಿತ್ತು, ಅರ್ಥವು ಕೆಡಲಿಲ್ಲವಷ್ಟೆ ಎಂದರೆ ಓದುವವನ ಉಸಿರು ಒಪ್ಪೀತೆ?

ಬಿಟ್ಟುದಕ್ಕಿಂತಲೂ ನನ್ನನ್ನು ಹೆಚ್ಚು ನೋಯಿಸಿದುದು ಬಿಟ್ಟ ಬಗೆ. ಈ ಪೆಟ್ಟಿಗೆಯಲ್ಲಿ ದಿನಗಳನ್ನು ತೋರಿಸುವ ಪಂಚಾಂಗವಿದೆ, ಭವಿಷ್ಯ ನೋಡುವ ಆಟವಿದೆ, ಚಿತ್ರಗಳ ಸಂಗ್ರಹವಿದೆ. ಒಂಬತ್ತನೆಯ ಲೋಕಕ್ಕೆ ಮಾತ್ರ ಎಡೆಯಿಲ್ಲ. ಅಂಥದೊಂದು ಇತ್ತೆಂಬ ಸೂಚನೆಯೂ ಆಟದೊಳಗೆ ಇಲ್ಲ. ಎಂಟನೆಯ ಲೋಕವನ್ನು ಮುಗಿಸಿದ ಹುಡುಗನು ತಾನು ಕೃತಿಯನ್ನು ಪೂರೈಸಿದೆನೆಂದೇ ಭಾವಿಸುವನು. ಮತ್ತೂರಿನ ಎದುರುದಡದ ಹೊಸಹಳ್ಳಿಯ ಗಮಕಪರಂಪರೆಯನ್ನು ನಮ್ಮ ಜಿಲ್ಲೆಯವರಿಗೆ ಹೊಸದಾಗಿ ಪರಿಚಯಿಸಬೇಕಾಗಿಲ್ಲ. ಅಲ್ಲಿನ ಗಮಕಿಗಳಾದ ಎಚ್. ಆರ್. ಕೇಶವಮೂರ್ತಿಗಳಿಗೆ ೨೦೨೨ರಲ್ಲಿ ಪದ್ಮಶ್ರೀ ಸಂದಿತು. ಗಮಕಿಯೂ ಒಂದು ಸಂಜೆಗಾಗಿ ಪದ್ಯಗಳನ್ನು ಆರಿಸುವನು, ಬಹುಭಾಗವನ್ನು ಬಿಡುವನು. ಆದರೆ ಬಿಟ್ಟೆಡೆಯಲ್ಲಿ ವ್ಯಾಖ್ಯಾನಕಾರನು ನಡುವಣ ಕಥೆಯನ್ನು ಮಾತಿನಲ್ಲಿ ಹೇಳಿ ಸೇತುವೆ ಕಟ್ಟುವನು. ಕೇಳಿದವನು ಮನೆಗೆ ಹೋಗುವಾಗ, ತಾನು ಕೇಳಿದುದು ಕಡಲಿನ ಒಂದು ಬೊಗಸೆಯೆಂಬ ಅರಿವಿನಿಂದ ಹೋಗುವನು. ಆ ಅರಿವನ್ನು ಉಳಿಸುವುದೇ ಸಂಗ್ರಹಕಾರನ ಧರ್ಮ. ಡಿಲಕ್ಸಿನಲ್ಲಿ ಆ ಧರ್ಮಕ್ಕೆ ಚ್ಯುತಿ ಬಂದಿದೆ.

ಗುಣವನ್ನು ಹೇಳದಿದ್ದರೆ ವಿಮರ್ಶೆಯು ಅನ್ಯಾಯವಾಗುವುದು. ಈ ರೂಪದಲ್ಲಿ ಎರಡನೆಯ ಭಾಗವು ಮೊದಲಿಗೇ ತೆರೆದಿರುವುದಿಲ್ಲ. ಮೊದಲ ಭಾಗವನ್ನು ಆಡಿ ೩,೦೦,೦೦೦ ಅಂಕಗಳನ್ನು ಗಳಿಸಿದವನಿಗೆ ಮಾತ್ರ ಅದರ ಬಾಗಿಲು ತೆರೆಯುವುದು. ಶಾಸ್ತ್ರಗ್ರಂಥಗಳ ಆರಂಭದಲ್ಲಿ ಇದಕ್ಕೆ ಅಧಿಕಾರಿ ಯಾರು ಎಂದು ಕೇಳುವ ಪದ್ಧತಿಯುಂಟು. ಮೂಲವು ಹೊದಿಕೆಯ ಮೇಲೆ ಬರೆದು ಸುಮ್ಮನಾದ ಆ ಮಾತನ್ನು ಈ ಸಂಗ್ರಹವು ನಡೆಸಿ ತೋರಿಸಿದೆ. ರಘುವಂಶವನ್ನು ಓದಿದವನಿಗೆ ಕಿರಾತಾರ್ಜುನೀಯವನ್ನು ಕೊಡುವಂತೆ, ದ್ರಾಕ್ಷಿಯನ್ನು ಉಣಿಸಿ ಆಮೇಲೆ ತೆಂಗನ್ನು ಕೈಗಿಡುವ ಈ ಕ್ರಮವು ಮೂಲದಲ್ಲಿಯೂ ಇರಲಿಲ್ಲ. ಇದು ಇಳಿಸಿದವರ ಸ್ವಂತ ಪ್ರತಿಭೆ, ನಿಸ್ಸಂಕೋಚವಾಗಿ ಹೊಗಳತಕ್ಕದ್ದು. ಆಟವನ್ನು ನಡುವೆ ನಿಲ್ಲಿಸಿ, ಉಳಿಸಿಟ್ಟು, ಮತ್ತೆ ಮುಂದುವರಿಸುವ ಅನುಕೂಲವೂ ಕಡಮೆಯದಲ್ಲ. ಶಿವಮೊಗ್ಗದಿಂದ ಭದ್ರಾವತಿಗೆ ರೈಲಿನಲ್ಲಿ ಅರ್ಧಗಂಟೆಯ ಪಯಣ. ಅಷ್ಟರಲ್ಲಿ ಎರಡು ಹಂತಗಳನ್ನು ಪಳಗಿಸಿ, ನಿಲ್ದಾಣ ಬಂದೊಡನೆ ಮುಚ್ಚಿ ಇಳಿಯುವುದು ಸಾಧ್ಯವಾದರೆ, ಕಠಿಣಕೃತಿಯು ಜೀವನದ ನಡುವೆ ಇರಲು ಒಂದು ಜಾಗ ಸಿಕ್ಕಿತೆಂದೇ ಅರ್ಥ.

೫

ಎರಡನೆಯ ಯಂತ್ರದ ವಿಷಯದಲ್ಲಿ ಕೆಲವೇ ಮಾತು. ಮೊದಲ ಭಾಗಕ್ಕೆ ಮೂವತ್ತೈದು ವರ್ಷ ತುಂಬಿದ ನೆನಪಿಗಾಗಿ ನಿಂಟೆಂಡೊದವರು ೨೦೨೦ರ ನವೆಂಬರಿನಲ್ಲಿ ‘ಗೇಮ್ ಅಂಡ್ ವಾಚ್’ ಎಂಬ ತಮ್ಮ ಹಳೆಯ ಹೆಸರಿನಿಂದ ಒಂದು ಕಿರುಯಂತ್ರವನ್ನು ಹೊರಡಿಸಿ, ಕೆಲವು ತಿಂಗಳು ಮಾತ್ರ ಮಾರಿದರು. ಮೊದಲ ಭಾಗದೊಡನೆ ಎರಡನೆಯ ಭಾಗವೂ ಅದರಲ್ಲಿದೆ. ಅದರ ಕಿಟಕಿಯೂ ಹಳೆಯದರ ಕಿಟಕಿಯೂ ಗಾತ್ರದಲ್ಲಿ ಹೆಚ್ಚುಕಡಮೆ ಸಮಾನ. ಆದರೆ ಇಲ್ಲಿ ಲೋಕವನ್ನು ಕತ್ತರಿಸಲಿಲ್ಲ. ಇಡೀ ಚಿತ್ರವನ್ನೇ ಸಣ್ಣದು ಮಾಡಿದರು. ನಾಯಕನು ಭತ್ತದ ಕಾಳಿಗಿಂತ ಕಿರಿದಾದನು. ಕಂದರವೋ, ಮೂಲದಲ್ಲಿ ಯಾವಾಗ ಕಾಣುತ್ತಿತ್ತೋ ಆವಾಗಲೇ ಕಾಣುವುದು. ಗಾಳಿಯೂ ಬೀಸುವುದು, ಲುಯಿಜಿಯೂ ಜಾರುವನು. ನಮ್ಮ ಹಿಂದಣ ಲಿಪಿಕಾರರು ಓಲೆಯು ಸಾಲದಾದಾಗ ಅಕ್ಷರವನ್ನು ಸಣ್ಣದಾಗಿಸಿದರೇ ಹೊರತು ಕಾವ್ಯವನ್ನು ಚಿಕ್ಕದಾಗಿಸಲಿಲ್ಲ. ಇದು ಅವರ ದಾರಿ. ನನ್ನ ವಯಸ್ಸಿನ ಕಣ್ಣಿಗೆ ಇದು ಹಿಂಸೆಯೇ, ಆದರೆ ಹಿಂಸೆಯು ಕಣ್ಣಿಗೆ ಮಾತ್ರ, ಕೃತಿಗೆ ಅಲ್ಲ. ಕೊರತೆಯೆಂದರೆ, ಕೈಹಿಡಿದು ನಡೆಸುವ ಕ್ರಮವಿಲ್ಲ. ಮೊದಲ ಭಾಗವನ್ನು ಮುಟ್ಟದವನೂ ನೇರವಾಗಿ ಎರಡನೆಯದರ ಬಾಯಿಗೆ ಬೀಳಬಹುದು. ಬಿದ್ದವನು ನಾಲ್ಕು ಸಲ ಸೋತು ಪೆಟ್ಟಿಗೆಯನ್ನು ಮುಚ್ಚಿಡುವುದನ್ನು ನಾನೇ ಕಂಡಿದ್ದೇನೆ.

೬

ಈಗ ಮೊದಲಿನ ಪ್ರಶ್ನೆಗೆ ಬರೋಣ. ವರದರಾಜನು ಪಾಣಿನಿಯ ಸುಮಾರು ನಾಲ್ಕುಸಾವಿರ ಸೂತ್ರಗಳಲ್ಲಿ ಮೂರರಲ್ಲೊಂದು ಪಾಲಿನಷ್ಟನ್ನು ಮಾತ್ರ ತನ್ನ ಲಘುಕೌಮುದಿಯಲ್ಲಿ ಉಳಿಸಿಕೊಂಡನು. ಪಾಲಿನ ಲೆಕ್ಕದಲ್ಲಿ ಅವನ ಕತ್ತರಿಯು ಡಿಲಕ್ಸಿನ ಕಿಟಕಿಗಿಂತ ನಿರ್ದಯವಾದುದೇ. ಆದರೂ ಶತಮಾನಗಳಿಂದ ಪಾಠಶಾಲೆಗಳು ಅವನನ್ನು ಗೌರವಿಸುವುದೇಕೆ? ಉಳಿಸಿಕೊಂಡ ಸೂತ್ರಗಳನ್ನು ಅವನು ಪಾಣಿನಿಯ ಮಾತಿನಲ್ಲಿಯೇ ಉಳಿಸಿಕೊಂಡನು. ಸೂತ್ರದ ಕಾಠಿಣ್ಯವನ್ನು ಕರಗಿಸಿ ನೀರುಮಾಡಲಿಲ್ಲ. ಎದುರಿಸಬೇಕಾದ ಸೂತ್ರಗಳ ಸಂಖ್ಯೆಯನ್ನು ಮಾತ್ರ ತಗ್ಗಿಸಿದನು. ಲಘುವಿನ ಮೇಲೆ ಮಧ್ಯಕೌಮುದಿಯನ್ನೂ ರಚಿಸಿ, ಅದರಾಚೆ ಗುರುವಿನ ದೊಡ್ಡ ಕೌಮುದಿಯಿದೆಯೆಂಬುದನ್ನು ಹೆಸರಿನಲ್ಲಿಯೇ ಸಾರಿದನು. ಲಘುವೆಂಬ ಶಬ್ದವೇ ಗುರುವಿನ ಕಡೆಗೆ ಬೆರಳು ತೋರಿಸುವುದಲ್ಲವೆ?

ಆದಕಾರಣ ಸಂಗ್ರಹವನ್ನು ಅಳೆಯುವಾಗ ಎಷ್ಟು ಬಿಟ್ಟರೆಂಬ ಲೆಕ್ಕವು ಸಾಲದು. ಉಳಿದುದರ ಕಾಠಿಣ್ಯವು ಕರ್ತೃವಿನದೋ ಪಾತ್ರೆಯದೋ? ಬಿಟ್ಟುದನ್ನು ಹೇಳಿ ಬಿಟ್ಟರೋ ಮುಚ್ಚಿ ಬಿಟ್ಟರೋ? ಮುಗಿಸಿದವನ ಮುಖವು ಮೂಲದ ಕಡೆಗೆ ತಿರುಗುವುದೋ ಇಲ್ಲವೋ? ಈ ಮೂರನ್ನು ಕೇಳಬೇಕು. ಡಿಲಕ್ಸಿನ ರೂಪವು ಮೊದಲನೆಯದರಲ್ಲಿ ಅರ್ಧ ಸೋತಿದೆ, ಎರಡನೆಯದರಲ್ಲಿ ಪೂರ್ತಿ ಸೋತಿದೆ. ಮೂರನೆಯದರಲ್ಲಿ, ಒಂದು ಕೃತಿಯಿಂದ ಅದಕ್ಕಿಂತ ಕಠಿಣವಾದ ಇನ್ನೊಂದಕ್ಕೆ ಬಾಗಿಲಿಟ್ಟ ಪುಣ್ಯದಿಂದ, ಗೆದ್ದಿದೆಯೆಂದು ಹೇಳಬೇಕು. ೨೦೨೦ರ ರೂಪವು ಕೃತಿಗೆ ನಿಷ್ಠೆಯನ್ನು ತೋರಿಸಿದೆ, ಶಿಷ್ಯನಿಗೆ ದಾರಿಯನ್ನು ತೋರಿಸಿಲ್ಲ.

ಇದು ಆಟದ ಮಾತಷ್ಟೇ ಆಗಿದ್ದರೆ ಇಷ್ಟು ಬರೆಯುತ್ತಿರಲಿಲ್ಲ. ಪಾಠ ಹೇಳಿದ ವರ್ಷಗಳಲ್ಲಿ ಮಕ್ಕಳ ಕೈಯಲ್ಲಿ ನಾನು ಕಂಡ ಕಿರುಹೊತ್ತಗೆಗಳಿಗೂ ಈ ಮಾತುಗಳು ಸಲ್ಲುವುವು. ಪದ್ಯಕ್ಕೆ ಸಾರಾಂಶ, ಪ್ರಶ್ನೆಗೆ ಸಿದ್ಧವಾದ ಉತ್ತರ, ಗದ್ಯಕ್ಕೆ ಹತ್ತು ಸಾಲು. ಅವು ಕವಿಯ ಕಾಠಿಣ್ಯವನ್ನು ತೆಗೆದುಹಾಕಿದುವು. ಹಳಗನ್ನಡದ ಒಂದು ಪದವನ್ನು ಒಡೆದು ಅರ್ಥವನ್ನು ಕಂಡುಕೊಳ್ಳುವ ಸುಖವು ಅದರೊಡನೆಯೇ ಹೋಯಿತು. ಅದರ ಸ್ಥಳದಲ್ಲಿ, ಕಾಣದುದನ್ನು ಬಾಯಿಪಾಠಮಾಡುವ ಬೇರೊಂದು ಕಾಠಿಣ್ಯವನ್ನು ತುಂಬಿದುವು. ಹುಡುಗನ ಶ್ರಮವು ಕಡಮೆಯಾಗಲಿಲ್ಲ, ಶ್ರಮದ ಫಲವು ಮಾತ್ರ ಇಲ್ಲವಾಯಿತು. ಕಂದರವೇ ಕಾಣದ ಕಿಟಕಿಯಲ್ಲಿ ಹಾರುವ ಹುಡುಗನ ಸ್ಥಿತಿಯೂ ಇದೇ. ಪರೀಕ್ಷೆಯನ್ನು ಮುಗಿಸಿದವನು ಪಂಪನನ್ನು ಓದಿದೆನೆಂದು ತಿಳಿಯುವನು. ಒಂಬತ್ತನೆಯ ಲೋಕವೊಂದು ಉಂಟೆಂದು ಅವನಿಗೆ ಹೇಳಿದವರಿಲ್ಲ.

ಮಕ್ಕಳಿಗೆ ಕಠಿಣವಾದುದು ಬೇಡವೆಂಬ ಮಾತನ್ನು ಈ ಆಟವೇ ಸುಳ್ಳುಮಾಡಿದೆ. ಯಾರ ಬಲವಂತವೂ ಇಲ್ಲದೆ, ಯಾವ ಅಂಕಪಟ್ಟಿಯ ಆಸೆಯೂ ಇಲ್ಲದೆ, ಒಂದೇ ಕಂದರವನ್ನು ಇಪ್ಪತ್ತು ಸಲ ಹಾರಿ ಇಪ್ಪತ್ತೊಂದನೆಯ ಸಲ ದಾಟುವ ಹುಡುಗರನ್ನು ನಾನು ನೋಡಿದ್ದೇನೆ. ಕಾಠಿಣ್ಯವು ನ್ಯಾಯವಾದುದೆಂಬ ನಂಬಿಕೆಯಿದ್ದರೆ ಅವರು ಬೇಸರಪಡುವುದಿಲ್ಲ. ಸಂಗ್ರಹಗಳನ್ನು ಸಿದ್ಧಪಡಿಸುವವರು, ಅವು ಆಟದವಾಗಲಿ ಕಾವ್ಯದವಾಗಲಿ, ಹಂತಗಳನ್ನು ಕಡಮೆಮಾಡಲಿ. ಉಳಿಸಿದ ಹಂತದಲ್ಲಿ ಕಂದರವನ್ನು ಕಾಣಗೊಡಲಿ, ಗಾಳಿಯನ್ನು ಬೀಸಗೊಡಲಿ, ಮುಂದೆ ಇನ್ನೂ ಲೋಕಗಳಿವೆಯೆಂದು ಕೊನೆಯಲ್ಲಿ ಒಂದು ಸಾಲು ಬರೆಯಲಿ. ಮನೆಯ ಹಿರಿಯರು ಈ ಎರಡು ಯಂತ್ರಗಳಲ್ಲಿ ಒಂದನ್ನೇ ಆರಿಸಬೇಕಾದರೆ, ಮೊದಲು ಆಡುವವನಿಗೆ ಹಳೆಯದೂ, ಅದನ್ನು ಮುಗಿಸಿದವನಿಗೆ ಹೊಸದೂ ತಕ್ಕುದೆಂದು ನನ್ನ ಅಭಿಪ್ರಾಯ. ಹಳೆಯದನ್ನು ಕೊಡುವಾಗ ಎಂಟನೆಯ ಲೋಕವು ಕೊನೆಯದಲ್ಲವೆಂದು ಬಾಯಿಮಾತಿನಲ್ಲಾದರೂ ಹೇಳಿ ಕೊಡತಕ್ಕದ್ದು.